ಮೀನು ಮೊದಲು ಹೋದವು

ತೊಗರಿ ಹೊಲದಲ್ಲಿ ಕಸ ತೆಗೆಯುತ್ತಿದ್ದ ರೇವವ್ವನನ್ನು ಕರೆಯಲು ಬಾಳಮ್ಮ ಓಡಿಕೊಂಡು ಬಂದಳು. ಬದುವಿನ ಮೇಲೆ ನಿಂತು ಉಸಿರು ತಗೊಂಡಳು.

"ಧಣಿ ಬಂದಾನ. ಕಾರ್ ತಗೊಂಡು ಊರಿಗೇ ಬಂದಾನ. ಗುಡಿ ಕಟ್ಟಿ ಮ್ಯಾಲ ಕುಂತಾನ. ನಿನ್ನ ಕರಕೊಂಡ ಬಾ ಅಂದ್ರು."

"ಮತ್ತ ಅದ ಮಾತಿಗೇನ?"

"ಹೂಂ. ತಪ್ಪಾತು ಅನ್ನಬೇಕಂತ. ಎಲ್ಲಾರ ಮುಂದ."

ರೇವವ್ವ ಕುರ್ಪಿಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿದಳು. ಹಿಂದಿನ ದಿನದ ಮಳೆಗೆ ಎರೆಮಣ್ಣು ಅಂಗಾಲಿಗೆ ದಪ್ಪಗೆ ಮೆತ್ತಿಕೊಂಡಿತ್ತು. ಕಲ್ಲಿಗೆ ಉಜ್ಜಿ ತೆಗೆದಳು.

"ನಡಿ," ಎಂದಳು.

ಧಣಿ ಎಂದರೆ ಇವರ ಊರಾದ ಕನ್ನೊಳ್ಳಿಯ ಧಣಿಯಲ್ಲ. ಘಟ್ಟದ ಕೆಳಗೆ, ಸಮುದ್ರದ ದಂಡೆಯ ಬಂದರಿನಲ್ಲಿ ಬೋಟು ಇಟ್ಟಿರುವವನು. ಪ್ರತಿ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಸಿಂದಗಿಯ ದಸ್ತಗೀರಸಾಬ ಟೆಂಪೊ ತರುತ್ತಿದ್ದ. ಅವನು ಮುಕಾದಮ. ಕೂಲಿಯವರನ್ನು ಒಟ್ಟುಮಾಡಿ ಒಯ್ಯುವುದು ಅವನ ಕೆಲಸ. ಕನ್ನೊಳ್ಳಿಯವರು, ಮಸೂತಿಯವರು, ಹೂವಿನ ಹಿಪ್ಪರಗಿಯವರು ಹತ್ತುತ್ತಿದ್ದರು. ಸಮುದ್ರವನ್ನೇ ಕಂಡಿರದ ಜನ. ಅಲ್ಲಿ ಗಂಡಸರು ಬೋಟಿಗೆ ಹೋಗುತ್ತಿದ್ದರು. ಹೆಂಗಸರು ಬೋಟು ನಿಲ್ಲುವ ಧಕ್ಕೆಯ ಮೇಲೆ ಮೀನು ಹೊರುತ್ತಿದ್ದರು.

ಬುಟ್ಟಿಯ ಸಂದಿಗಳಿಂದ ಮೀನಿನ ರಕ್ತ, ಐಸಿನ ನೀರು ತಲೆಯ ಮೇಲೆ ಇಳಿಯುತ್ತದೆ. ಕಣ್ಣಿಗೆ ಇಳಿಯುತ್ತದೆ. ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಹೊರುವುದು ಮುಗಿದರೆ ಕುಕ್ಕರಗಾಲಲ್ಲಿ ಕೂತು ಆರಿಸಬೇಕು. ಬಂಗುಡೆ ಒಂದು ಕಡೆ, ಬೂತಾಯಿ ಒಂದು ಕಡೆ, ಸಿಗಡಿ ಒಂದು ಕಡೆ. ಸಿಗಡಿಯ ಮುಳ್ಳು ಉಗುರಿನ ಸಂದಿಗೆ ಹೊಕ್ಕು ಮುರಿಯುತ್ತದೆ. ಬೆರಳು ಕೀವು ತುಂಬುತ್ತದೆ. ಐಸಿನಲ್ಲಿ ಕೈಯಿಟ್ಟು ಇಟ್ಟು ಚರ್ಮ ಬಿಳಿಚಿ ಸುಲಿಯುತ್ತದೆ. ಊರಿಗೆ ಬಂದು ರೊಟ್ಟಿ ತಟ್ಟಿದರೆ ಹಿಟ್ಟಿಗೆ ರಕ್ತ ಹತ್ತುತ್ತದೆ.

ಅಲ್ಲಿ ಇವರಿಗೆ ಹೆಸರಿರಲಿಲ್ಲ. ಎಲ್ಲರೂ ಘಟ್ಟದವರು. "ಏ ಘಟ್ಟದವಳೇ, ಇಲ್ಲಿ ಬಾ." ಧಕ್ಕೆಯ ಪಾಯಖಾನೆಗೆ ಬೀಗ. ಇವರು ಬಂಡೆಗಳ ಹಿಂದೆ ಹೋಗಬೇಕು. ಒಂದು ಕಾಯ್ದೆ ಮಾತ್ರ ಬಂದ ದಿನವೇ ಹೇಳುತ್ತಿದ್ದರು. ಹೆಂಗಸು ಬೋಟು ಹತ್ತಬಾರದು. ಬೋಟಿನ ಮೀನು ಹೊರಬಹುದು. ಬೋಟು ತೊಳೆದ ಕೊಳೆನೀರಿನಲ್ಲಿ ದಿನವಿಡೀ ನಿಲ್ಲಬಹುದು. ಬೋಟಿಗೆ ಕಾಲಿಡಬಾರದು.

ರೇವವ್ವ ಹೋದ ಮೊದಲ ವರ್ಷಗಳಲ್ಲಿ ಬೋಟುಗಳು ಹತ್ತಿರದಲ್ಲೇ ಬಲೆ ಬಿಟ್ಟು ಬೇಗ ತಿರುಗಿ ಬರುತ್ತಿದ್ದವು. ಮಳೆ ಮುಗಿಯುತ್ತಲೇ ಬೂತಾಯಿ ಹಿಂಡುಗಟ್ಟಿ ದಂಡೆಯ ಹತ್ತಿರ ಬರುತ್ತಿತ್ತು. ಧಕ್ಕೆಯ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಮೇಲೆ ಕಡಿಮೆಯಾಯಿತು. ಒಂದು ವರ್ಷ ಬರಲೇ ಇಲ್ಲ. ಬಂಗುಡೆಯೂ ತೆಳುವಾಯಿತು. ಬೋಟುಗಳು ಕಾರವಾರ ದಾಟಿದವು. ಗೋವಾ ದಾಟಿದವು. ರತ್ನಾಗಿರಿಯ ಆಚೆಗೂ ಹೋದವು.

ಮೀನುಗಾರಿಕೆ ಕಾಲೇಜಿನಿಂದ ಶೈಲಶ್ರೀ ಎಂಬ ಹುಡುಗಿ ಬರುತ್ತಿದ್ದಳು. ಮೀನಿನ ಹೊಟ್ಟೆ ಕೊಯ್ದು ನೋಡುತ್ತಿದ್ದಳು. ಒಂದು ದಿನ ಶೆಡ್ಡಿನಲ್ಲಿ ಬೋಟಿನ ಮಾಲೀಕರನ್ನೆಲ್ಲ ಕೂರಿಸಿ ಹೇಳಿದಳು. ಸಮುದ್ರದ ನೀರು ಬಿಸಿಯಾಗುತ್ತಿದೆ. ಮೀನಿಗೆ ತನಗೆ ಒಗ್ಗುವಷ್ಟು ಬಿಸಿ ಬೇಕು, ಹೆಚ್ಚಾದರೆ ನಿಲ್ಲುವುದಿಲ್ಲ. ಅದರ ತಿನಿಸೂ ಅಲ್ಲಿ ಉಳಿಯುವುದಿಲ್ಲ. ಕೆಲವು ಆಳಕ್ಕೆ ಇಳಿದಿವೆ, ಕೆಲವು ಉತ್ತರಕ್ಕೆ ಹೋಗಿವೆ. ಪಕ್ಕದಲ್ಲೇ ಹೆಂಗಸರು ಸಿಗಡಿ ಆರಿಸುತ್ತಿದ್ದರು. ಬಾಳಮ್ಮ ಕೂತಲ್ಲಿಂದಲೇ ಕೇಳಿದಳು.

"ತಿರುಗಿ ಬರ್ತಾವೇನ್ರಿ ಅಕ್ಕಾರ?"

"ಕೆಲವು ವರ್ಷ ಬರಬಹುದಮ್ಮ. ಮೊದಲಿನ ಹಾಗೆ ಪ್ರತಿ ವರ್ಷ ಬರ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ."

ರೇವವ್ವನಿಗೆ ಅರ್ಥವಾಯಿತು. ಮಳೆ ಹೋದರೆ ಜನ ಗುಳೆ ಹೋಗುತ್ತಾರೆ. ನೀರು ಕಾದರೆ ಮೀನು ಗುಳೆ ಹೋಗುತ್ತವೆ.

ಕೆಲವು ದಿನಗಳ ನಂತರ ಮಾಲೀಕರೆಲ್ಲ ಸೇರಿ ಸರಕಾರಿ ಕಚೇರಿಯ ಮುಂದೆ ಪ್ರತಿಭಟನೆ ಮಾಡಿದರು. ಜನ ಕಾಣಬೇಕಲ್ಲ, ಘಟ್ಟದವರನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ಹೋದರು. ಕೈಗೆ ಬಾವುಟ ಕೊಟ್ಟರು. ಬಿಸಿಲಲ್ಲಿ ಕೂರಿಸಿದರು. ಧಣಿ ಮೈಕಿನಲ್ಲಿ ಕೂಗಿದ. ಸಮುದ್ರ ಬಿಸಿಯಾಗಿದೆ! ಮೀನು ಉತ್ತರಕ್ಕೆ ಹೋಗಿದೆ! ಇದು ಮತ್ಸ್ಯಕ್ಷಾಮ, ಪರಿಹಾರ ಕೊಡಿ! ರೇವವ್ವನೂ ಬಾವುಟ ಎತ್ತಿ ಕೂಗಿದಳು. ಪರಿಹಾರ ಬಂತೆಂದು ಆಮೇಲೆ ಕೇಳಿದಳು. ಬೋಟು ಇದ್ದವರಿಗೆ ಬಂತು. ಬೋಟಿನಲ್ಲಿ ದುಡಿಯುವವರಿಗೆ ಪರಿಹಾರವಿಲ್ಲ.

ಆ ಸೀಸನ್ನಿನಲ್ಲೇ ಅವಳ ಗಂಡ ಗುರಣ್ಣನ ಕೈ ಹೋಯಿತು.

ಬೋಟು ರತ್ನಾಗಿರಿಯ ಆಚೆ ಇತ್ತು. ಬಲೆ ಎತ್ತಿದರೆ ಅರ್ಧ ಖಾಲಿ. ಮತ್ತೆ ಬಿಡು. ಮತ್ತೆ ಎತ್ತು. ನಿದ್ದೆಯಿಲ್ಲ. ಕೂತಲ್ಲೇ ತೂಗಿದವರ ಮುಖಕ್ಕೆ ತಾಂಡೇಲ ಉಪ್ಪುನೀರು ಎರಚುತ್ತಿದ್ದ. ಬೋಟು ನಡೆಸುವವನು ಅವನು. ಬಲೆಯನ್ನು ಎಳೆಯುವ ವಿಂಚಿಗೆ ಉಕ್ಕಿನ ಹಗ್ಗ ಸುತ್ತುತ್ತಿರುವಾಗ ಗುರಣ್ಣನ ಕಣ್ಣು ಮುಚ್ಚಿತು. ಬಲಗೈ ಹಗ್ಗದ ಜೊತೆಗೆ ಒಳಗೆ ಹೋಯಿತು. ಪಕ್ಕದಲ್ಲಿದ್ದ ಹಿಪ್ಪರಗಿಯ ಅಮಿತ ವಿಂಚ್ ನಿಲ್ಲಿಸಿದ. ತಾಂಡೇಲ ವೈರ್‌ಲೆಸ್ಸಿನಲ್ಲಿ ಧಣಿಗೆ ಹೇಳಿದ. ಧಣಿಯ ಉತ್ತರವನ್ನು ಬೋಟಿನವರೆಲ್ಲ ಕೇಳಿದರು.

"ಖಾಲಿ ಬೋಟು ತಂದು ನಾನೇನು ಮಾಡಲಿ? ಕಟ್ಟು ಹಾಕಿ. ಮೀನು ತುಂಬಿಸಿಕೊಂಡು ಬನ್ನಿ."

ಲುಂಗಿ ಹರಿದು ಕೈಗೆ ಸುತ್ತಿದರು. ನೋವಿನ ಗುಳಿಗೆ ಕೊಟ್ಟರು. ಬಲೆ ಮತ್ತೆ ಇಳಿಯಿತು.

ಬೋಟು ಧಕ್ಕೆಗೆ ಬಂದ ಬೆಳಿಗ್ಗೆ ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ರೇವವ್ವ ಗಂಡನನ್ನು ಹುಡುಕಿದಳು. ಕಾಣಲಿಲ್ಲ. ಅಮಿತ ಮುಖ ತಿರುಗಿಸಿದ.

"ಎಲ್ಲಿ ಅದಾರೋ ಅವರು?"

"ಒಳಗ ಅದಾನಕ್ಕಾ. ಮಲಗ್ಯಾನ."

"ಯಾಕ? ಹೊರಗ ಕರಿ."

ಧಣಿಯ ಲೆಕ್ಕ ಬರೆಯುವ ರೈಟರ್ ನಡುವೆ ಬಂದ. ಮೊದಲು ಮೀನು ಇಳಿಯಲಿ, ಐಸು ಕರಗುತ್ತದೆ ಎಂದ. ಆಗ ಗಾಳಿ ಈ ಕಡೆ ಬೀಸಿತು. ಮೀನಿನ ನಾತ ರೇವವ್ವನಿಗೆ ಗೊತ್ತು. ಕೊಳೆತ ಮೀನಿನದೂ ಗೊತ್ತು. ಇದು ಬೇರೆ.

ಬುಟ್ಟಿ ಎಸೆದಳು. ಹಾರಿದಳು. ಬೋಟಿನ ಮೇಲೆ ಬಿದ್ದಳು, ಮೊಣಕಾಲು ತರಚಿತು, ಎದ್ದಳು. ಒಳಗೆ ಗುರಣ್ಣ ಬಲೆಯ ರಾಶಿಯ ಮೇಲೆ ಬಿದ್ದಿದ್ದ. ಮೈ ಕೆಂಡ. ಕೈ ಕರ್ರಗಾಗಿತ್ತು. ಅವಳು ಅವನನ್ನು ಬೆನ್ನಿಗೆ ಹಾಕಿಕೊಂಡಳು. ವರ್ಷಗಟ್ಟಲೆ ಬುಟ್ಟಿ ಹೊತ್ತ ಕುತ್ತಿಗೆ. ಗಂಡನನ್ನೂ ಹೊತ್ತಿತು.

ಧಕ್ಕೆಗೆ ಇಳಿದಾಗ ಧಣಿ ಎದುರಿಗೆ ನಿಂತಿದ್ದ. ಗುರಣ್ಣನ ಕೈಯನ್ನು ನೋಡಲಿಲ್ಲ. ಅವಳ ಕಾಲು ನೋಡಿದ.

"ನಿನಗೆ ಹೇಳಿರಲಿಲ್ಲವಾ, ಹೆಂಗಸು ಬೋಟು ಹತ್ತಬಾರದು ಅಂತ? ಮುಟ್ಟಾಗಿದ್ದೀಯಾ?"

ಸುತ್ತ ಗಂಡಸರು. ಬೇರೆ ಬೋಟಿನವರು, ಹರಾಜಿಗೆ ಬಂದವರು, ಐಸಿನ ಲಾರಿಯವರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬೆನ್ನ ಮೇಲೆ ಗಂಡ ನರಳುತ್ತಿದ್ದ.

"ಆಗೇನಿ," ಎಂದಳು. "ಹಾದಿ ಬಿಡ್ರಿ."

ಅವಳು ಇನ್ನೂ ಧಕ್ಕೆಯ ಮೇಲಿರುವಾಗಲೇ ರೈಟರ್ ಅರಿಸಿನದ ನೀರು ತರಿಸಿ ಅವಳ ಹೆಜ್ಜೆಯ ಹಿಂದೆ ಸುರಿಸಿದ. ನೀರು ಅವಳ ಹಿಮ್ಮಡಿಗೆ ಬಿತ್ತು.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಿನವರೆಗೆ ಕೈ ತೆಗೆದರು. ಧಣಿ ಆ ಕಡೆ ಬರಲಿಲ್ಲ. ಆ ಬೋಟು ಮತ್ತೆ ಸಮುದ್ರಕ್ಕೆ ಹೋಗಿ ಖಾಲಿ ಬಂತು. ಇನ್ನೊಮ್ಮೆ ಖಾಲಿ ಬಂತು. ಧಣಿಗೆ ಮಾತು ಸಿಕ್ಕಿತು. ಕೂಲಿ ಕೇಳಿದವರಿಗೆಲ್ಲ ಹೇಳಿದ.

"ನನ್ನನ್ನೇನು ಕೇಳುವುದು? ಆ ರೇವವ್ವನನ್ನು ಕೇಳಿ. ಅವಳ ಮೈಲಿಗೆಗೆ ಮೀನು ಓಡಿಹೋಗಿದೆ."

ಧಣಿ ಹೇಳಿದ್ದಕ್ಕಿಂತ ಮುಂದಿನದು ಅವಳಿಗೆ ಹೆಚ್ಚು ಉರಿಯಿತು. ತನ್ನವರೇ ನಂಬಿದರು. ಶೆಡ್ಡಿನ ನಳದ ಹತ್ತಿರ ಅವಳು ಬಂದರೆ ಕೊಡ ಸರಿಸಿಕೊಂಡರು. ಬಾಳಮ್ಮ ಒಬ್ಬಳು ಪಕ್ಕದಲ್ಲಿ ಕೂತು ಉಂಡಳು. ಯುಗಾದಿಗೆ ಮೊದಲು ರೇವವ್ವ ಗಂಡನನ್ನು ಕರೆದುಕೊಂಡು ಊರಿಗೆ ಬಂದಳು.

ಈಗ ಆ ಧಣಿ ಕನ್ನೊಳ್ಳಿಯ ಗುಡಿ ಕಟ್ಟೆಯ ಮೇಲೆ ಬೆವರುತ್ತ ಕೂತಿದ್ದ. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಪಕ್ಕದಲ್ಲಿ ಧೀರೇಂದ್ರರಾಯರು, ಸಾಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಊರಿನ ಹೊಲವಂತರು. ಕೆಳಗೆ ದಸ್ತಗೀರಸಾಬ. ಆಚೆ ಅವನ ಟೆಂಪೊ. ಜನ ಗಂಟುಮೂಟೆ ತಂದು ಇಟ್ಟುಕೊಂಡಿದ್ದರು. ಹಿಪ್ಪರಗಿಯಿಂದ ಅಮಿತನೂ ಬಂದಿದ್ದ. ಗುರಣ್ಣ ಬೇವಿನ ಮರಕ್ಕೆ ಒರಗಿ ಕೂತಿದ್ದ. ಮೊಂಡುಗೈಯ ಮೇಲೆ ಟಾವೆಲ್ ಹೊದಿಸಿಕೊಂಡಿದ್ದ.

ಧಣಿ ಯಾಕೆ ಇಷ್ಟು ದೂರ ಬಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ತಾನೇ ಹಬ್ಬಿಸಿದ ಮಾತು ತನ್ನ ಬೋಟಿಗೇ ಸುತ್ತಿಕೊಂಡಿತ್ತು. ಮೈಲಿಗೆ ತಟ್ಟಿದ ಬೋಟು ಎಂದು ಯಾವ ತಾಂಡೇಲನೂ ಅದನ್ನು ಹತ್ತಲು ಒಪ್ಪುತ್ತಿರಲಿಲ್ಲ. ಆ ಹೆಂಗಸು ತಪ್ಪೊಪ್ಪಿಕೊಂಡು ದೇವರಿಗೆ ತಪ್ಪುಕಾಣಿಕೆ ಇಡಲಿ, ಆಮೇಲೆ ನೋಡೋಣ ಎಂದಿದ್ದರು.

ಧೀರೇಂದ್ರರಾಯರು ಮೆತ್ತಗೆ ಶುರು ಮಾಡಿದರು.

"ರೇವವ್ವ, ಇವರು ದೂರದಿಂದ ಬಂದಾರ. ಇಷ್ಟು ಮಂದಿ ಹೊಟ್ಟಿ ಪ್ರಶ್ನೆ ಐತಿ. ಒಂದ ಮಾತು. ತಪ್ಪಾತ್ರಿ ಅಂದುಬಿಡು, ಮುಗೀತು. ಬಾಯಿಮಾತಿನಾಗ ಏನ ಹೋಗತೈತಿ ನಿಂದು?"

"ಎಲ್ಲಾರನ್ನೂ ಕರ್ಕೊಂಡು ಹೋಗ್ತೇನೆ," ಎಂದ ಧಣಿ. "ಗುರಣ್ಣನಿಗೂ ಶೆಡ್ಡು ಕಾಯುವ ಕೆಲಸ ಕೊಡ್ತೇನೆ. ನನಗೆ ದ್ವೇಷ ಇಲ್ಲ. ನೀನು ಮಾಡಿದ್ದು ತಪ್ಪು ಅಂತ ಇವರ ಎದುರು ಒಪ್ಪಿಕೊಳ್ಳಬೇಕು, ಅಷ್ಟೇ."

ಜನ ಅವಳ ಕಡೆ ನೋಡಿದರು. ಒಬ್ಬಳು ಸಣ್ಣ ದನಿಯಲ್ಲಿ, "ಅಂದುಬಿಡ ಯಕ್ಕಾ," ಎಂದಳು. ಆ ಹೆಂಗಸಿನ ಕಂಕುಳಲ್ಲಿ ಕೂಸಿತ್ತು. ರೇವವ್ವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಧಣಿಗೆ ತಪ್ಪೊಪ್ಪಿಗೆ ಬೇಕೆಂದು ದಸ್ತಗೀರಸಾಬ ಹಿಂದಿನ ದಿನವೇ ಹೇಳಿಕಳಿಸಿದ್ದ. ಮುಂಜಾನೆ ಗುರಣ್ಣನೂ ಅದನ್ನೇ ಅಂದಿದ್ದ. ಅಂದುಬಿಡು, ಮನಿಯಾಗ ಕುಂತು ನಂಗ ಹುಚ್ಚ ಹಿಡದಂಗ ಆಗೈತಿ. ಅವಳು ಹೊಲಕ್ಕೆ ಹೋಗುವ ದಾರಿಯುದ್ದಕ್ಕೂ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟು ನೋಡಿದ್ದಳು. ತಪ್ಪಾತ್ರಿ. ಸಣ್ಣ ಮಾತು. ಆದರೆ ನುಂಗಲು ಆಗಿರಲಿಲ್ಲ.

"ಧಣ್ಯಾರ, ಒಂದ ಕೇಳತೇನಿ," ಎಂದಳು. "ನಿಮ್ಮ ಬೋಟು ರತ್ನಾಗಿರಿ ತನಕ ಯಾಕ ಹೋಗಿತ್ತು?"

ಧಣಿ ಹುಬ್ಬು ಗಂಟಿಕ್ಕಿದ. "ಮೀನಿಗೆ."

"ಮೀನು ಇಲ್ಲೇ ಸಿಗತಿದ್ವಲ್ರಿ ಮೊದಲ. ಅಷ್ಟು ದೂರ ಯಾಕ?"

"ಇಲ್ಲಿ ಇರಲಿಲ್ಲ."

"ಇರಲಿಲ್ಲ. ಹೋಗಿದ್ವು. ಮೀನು ಹೋಗಿದ್ವು ಅಂತ ಬೋಟು ದೂರ ಹೋತು. ದೂರ ಹೋತು ಅಂತ ಇವರು ನಿದ್ದಿಗೆಟ್ರು. ನಿದ್ದಿಗೆಟ್ರು ಅಂತ ಕೈ ಹೋತು. ಕೈ ಹೋದಾಂವನ್ನ ನೀವು ಮೀನಿನ ಸಂಗಾಟ ಕೊಳಿಯಾಕ ಹಾಕಿದ್ರಿ ಅಂತ ನಾ ಬೋಟು ಹತ್ತಿದೆ. ಮೀನು ಮೊದಲ ಹೋದ್ವು. ನಾ ಆಮ್ಯಾಲ ಹತ್ತೀನಿ. ನನ್ನ ಮುಟ್ಟು ಹ್ಯಾಂಗ ಓಡಿಸಿತ್ರಿ ಅವನ್ನ?"

ಧಣಿ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ರೇವವ್ವ ಬಿಡಲಿಲ್ಲ.

"ನಮ್ಮನ್ನ ಲಾರ್ಯಾಗ ತುಂಬಿ ಒಯ್ದು ಬಿಸಲಾಗ ಕೂಡ್ರಿಸಿದ್ರಿ. ಮೈಕಿನಾಗ ಏನಂದ್ರಿ ಅವತ್ತು?"

ಬಾಳಮ್ಮ ಗುಂಪಿನಿಂದ ಕೂಗಿದಳು.

"ಸಮುದ್ರ ಬಿಸಿಯಾಗೇತಿ ಅಂದ್ರು! ಮೀನು ಉತ್ತರಕ್ಕ ಹೋಗ್ಯಾವು ಅಂದ್ರು! ನಾನೂ ಅಲ್ಲೇ ಇದ್ದೆ, ಗಂಟಲ ಹರಕೊಂಡೇನಿ!"

"ಹೌದ್ರಿ, ಅಂದಿದ್ರಿ," ಎಂದು ಹಿಂದಿನಿಂದ ಯಾರೋ ಹೇಳಿದರು.

"ಅದು ಸರಕಾರಕ್ಕೆ ಹೇಳುವ ಮಾತು!" ಧಣಿಯ ದನಿ ಏರಿತು. "ಇದು ದೇವರ ವಿಷಯ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಹಬ್ಬಿತು. ಕೂಸಿನ ತಾಯಿಯೂ ಸೆರಗು ಬಾಯಿಗಿಟ್ಟುಕೊಂಡಳು.

"ಪರಿಹಾರಕ್ಕ ಸಮುದ್ರ ಬಿಸಿ," ಎಂದಳು ರೇವವ್ವ. "ನಮ್ಮ ಕೂಲಿಗೆ ನಾನು ಮೈಲಿಗಿ. ಎರಡೂ ನಿಮ್ಮ ಬಾಯೇ. ಯಾವುದನ್ನ ನಂಬೂಣು?"

ಧೀರೇಂದ್ರರಾಯರು ಕೈ ಎತ್ತಿದರು. "ಹಂಗಲ್ಲ ತಂಗಿ. ಸಂಪ್ರದಾಯ ಅಂತ ಒಂದು ಇರತೈತಿ. ಅದನ್ನ ಮೀರಬಾರದು."

"ಸಂಪ್ರದಾಯದಾಗ ಕೈ ಕೊಳಿಯೂ ತನಕ ಬಿಡ್ರಿ ಅಂತ ಐತೇನ್ರಿ ಮಾಸ್ತರ?"

ಧಣಿ ಗುರಣ್ಣನ ಕಡೆ ತಿರುಗಿದ. "ಗುರಣ್ಣ, ನಿನ್ನ ಉಪ್ಪಿನ ಋಣ ಉಂಟು ನನ್ನ ಬೋಟಿನಲ್ಲಿ. ಹೆಂಡತಿಗೆ ನೀನಾದರೂ ಬುದ್ಧಿ ಹೇಳು."

ಗುರಣ್ಣ ಎದ್ದ. ಬಹಳ ನಿಧಾನ ಎದ್ದ. ಊರಿಗೆ ಬಂದಾಗಿನಿಂದ ಅವನು ಆ ಕೈಯನ್ನು ಯಾರಿಗೂ ತೋರಿಸಿರಲಿಲ್ಲ. ಟಾವೆಲ್ ತೆಗೆದು ಹೆಗಲಿಗೆ ಹಾಕಿದ. ಮೊಂಡನ್ನು ಮುಂದೆ ಚಾಚಿದ. ಹೊಲಿಗೆಯ ಗಂಟು ಇನ್ನೂ ಕೆಂಪಗಿತ್ತು.

"ಇದು ಋಣ ಅಲ್ರೇನ್ರಿ? ಇನ್ನೂ ಏನ ಕೊಡಬೇಕು? ಆಕಿ ಬರದಿದ್ರ ನಾ ಅಲ್ಲೇ ಸಾಯ್ತಿದ್ದೆ. ಮೀನು ಇಳದ ಮ್ಯಾಲ ನನ್ನ ಇಳಸ್ತಿದ್ರಿ. ಮುಂಜಾನೆ ನಾನೂ ಅಂದೀನಿ ಆಕಿಗೆ, ತಪ್ಪಾತು ಅನ್ನು ಅಂತ. ಈಗ ನಾ ಅನ್ನಾಂಗಿಲ್ಲ."

ರೇವವ್ವ ಅವನ ಪಕ್ಕಕ್ಕೆ ಹೋಗಿ ನಿಂತಳು.

"ಬೋಟು ಹತ್ತಿದ್ದು ಹೌದು," ಎಂದಳು. "ಮುಟ್ಟಾಗಿದ್ದೂ ಹೌದು. ನಾಳೆ ಯಾರದರೆ ಕೈ ಹಿಂಗಾದ್ರ ಮತ್ತ ಹತ್ತತೇನಿ. ತಪ್ಪು ಅಂತ ಅನ್ನಾಂಗಿಲ್ಲ. ಹೋಗ್ರಿ."

ಧಣಿ ಕಾರು ಹತ್ತಿದ. ಬಾಗಿಲು ಬಡಿದ ಸದ್ದು ದೊಡ್ಡದಾಗಿ ಕೇಳಿತು.

ಟೆಂಪೊ ಖಾಲಿ ಹೋಗಲಿಲ್ಲ. ಬಂದರಿನಲ್ಲಿ ಬೇರೆ ಮಾಲೀಕರ ಬೋಟುಗಳೂ ಇದ್ದವು. ಹೊಟ್ಟೆ ಇದ್ದವರು ಹತ್ತಿದರು. ಅಮಿತನೂ ಹತ್ತಿದ. ಅವನು ರೇವವ್ವನ ಮುಂದೆ ಹಾದುಹೋಗುವಾಗ ತಲೆ ಎತ್ತಲಿಲ್ಲ. ಬಾಳಮ್ಮ ತನ್ನ ಗಂಟನ್ನು ಮನೆಗೆ ಒಯ್ದಳು. ಕೂಸಿನ ತಾಯಿ ಬಹಳ ಹೊತ್ತು ನಿಂತಿದ್ದು ಅವಳೂ ಮನೆಗೆ ಹೋದಳು.

ಮರುದಿನ ರೇವವ್ವನನ್ನು ತೊಗರಿ ಹೊಲಕ್ಕೆ ಕರೆಯಲಿಲ್ಲ. ಅದು ರಾಯರ ಅಣ್ಣನ ಹೊಲ. ಅವಳು ಬೇರೆ ಊರಿನ ಹತ್ತಿ ಹೊಲಕ್ಕೆ ನಡೆದುಕೊಂಡು ಹೋದಳು. ಹಿಂದೆ ಬಾಳಮ್ಮ ಬಂದಳು. ಗುರಣ್ಣ ಎಡಗೈಯಲ್ಲಿ ಉಣ್ಣಲು ಕಲಿತ. ಅನ್ನ ಚೆಲ್ಲಿದರೆ ಬೈದುಕೊಳ್ಳುತ್ತಿದ್ದ, ಮತ್ತೆ ಉಣ್ಣುತ್ತಿದ್ದ.

ಸಿಂದಗಿ ಸಂತೆಯಲ್ಲಿ ದಸ್ತಗೀರಸಾಬ ಸಿಕ್ಕ. ಅತ್ತಿತ್ತ ನೋಡಿ ಹತ್ತಿರ ಬಂದ.

"ರೇವವ್ವ, ಕೆಲಸದಾಗ ಕೈ ಹೋದ್ರ ಕಾಯ್ದೆ ಐತವ್ವ. ಮಾಲೀಕ ಪರಿಹಾರ ಕೊಡಬೇಕು. ಬಿಜಾಪುರದ ಲೇಬರ್ ಆಫೀಸಿಗೆ ಹೋಗು. ಆದ್ರ ನಾ ಹೇಳೀನಿ ಅನ್ನಬ್ಯಾಡ."

"ಇಷ್ಟು ದಿನ ಗೊತ್ತಿತ್ತೇನ ನಿಂಗ ಮಾಮಾ?"

ಅವನು ಹೊರಡಲು ತಿರುಗಿದ.

"ಕೇಳಿದ್ರ ನಿನ್ನ ಹೆಸರ ಹೇಳತೇನಿ," ಎಂದಳು. "ನೀನ ಒಯ್ದಿದ್ದಿ ನಮ್ಮನ್ನ."

ಬಿಜಾಪುರದ ಆಫೀಸಿನಲ್ಲಿ ಧಣಿಯ ವಕೀಲ ಬಂದ. ಗುರಣ್ಣ ಎಂಬವನು ನಮ್ಮ ಬೋಟಿನಲ್ಲಿ ಕೆಲಸಕ್ಕೇ ಇರಲಿಲ್ಲ, ಕೈ ಎಲ್ಲಿ ಹೋಯಿತೋ ನಮಗೆ ತಿಳಿಯದು ಎಂದ. ಅಧಿಕಾರಿ ರೇವವ್ವನ ಕಡೆ ನೋಡಿದರು.

"ವಿಂಚಿಗೆ ಕೈ ಸಿಕ್ಕಿದ್ದನ್ನ ಕಂಡವರು ಯಾರದಾರ? ನೀ ಧಕ್ಕೆಯ ಮ್ಯಾಲ ಇದ್ದಿ. ಸಮುದ್ರದಾಗ ಕಂಡವರು ಬೇಕು. ಮುಂದಿನ ಸಲ ಸಾಕ್ಷಿ ಕರಕೊಂಡ ಬಾ."

ರೇವವ್ವ ಅಮಿತನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಬಾಳಮ್ಮನ ಫೋನಿನಿಂದ ಮಾಡಿದಳು. ಎತ್ತಿದ. ಹಿಂದೆ ಎಂಜಿನ್ ಸದ್ದು.

"ಅಮಿತ, ವಿಂಚ್ ನಿಲ್ಲಿಸಿದಾಂವ ನೀನು. ಬಂದು ಅಷ್ಟು ಹೇಳು."

"ನನ್ನ ಕೆಲಸ ಹೋಗತೈತಕ್ಕಾ."

"ಹೋಗತೈತಿ. ಸುಳ್ಳ ಹೇಳಾಂಗಿಲ್ಲ ನಾ. ಹೋಗತೈತಿ. ಆದರೂ ಬಾ."

ಅವನು ಫೋನ್ ಇಟ್ಟ.

ವಿಚಾರಣೆಯ ದಿನ ಅವಳು ಗುರಣ್ಣನ ಜೊತೆ ಬಸ್ಸಿಗೆ ನಿಂತಾಗ ಬಾಳಮ್ಮ ಬಂದಳು. ಕೂಸನ್ನು ಎತ್ತಿಕೊಂಡು ಆ ಹೆಂಗಸು ಬಂದಳು. ಶೆಡ್ಡಿನ ನಳದ ಹತ್ತಿರ ಕೊಡ ಸರಿಸಿದ್ದವರಲ್ಲಿ ಕೆಲವರು ಬಂದರು. ರೇವವ್ವ ಸರಿದು ಕೂತು ಬಸ್ಸಿನಲ್ಲಿ ಜಾಗ ಮಾಡಿದಳು.

ಆಫೀಸಿನ ವರಾಂಡದಲ್ಲಿ ಕಂಬದ ಹತ್ತಿರ ಅಮಿತ ನಿಂತಿದ್ದ. ಕಣ್ಣು ಕೆಂಪಗಿದ್ದವು. ಘಟ್ಟ ಹತ್ತಿ ನೇರ ಬಂದಿದ್ದ. ಅಂಗಿಯಲ್ಲಿ ಇನ್ನೂ ಮೀನಿನ ವಾಸನೆ. ಗುರಣ್ಣನನ್ನು ನೋಡಿ ಅವನ ಬಾಯಿ ಸೊಟ್ಟಗಾಯಿತು.

"ವೈರ್‌ಲೆಸ್ಸಿನಾಗ ಧಣಿ ಅಂದಿದ್ದೂ ಹೇಳತೇನಣ್ಣಾ," ಎಂದ. "ಎಲ್ಲಾ ಹೇಳತೇನಿ."

ಗುರಣ್ಣ ಎಡಗೈಯನ್ನು ಅವನ ಹೆಗಲ ಮೇಲಿಟ್ಟ.

ಒಳಗಿನಿಂದ ಕರೆ ಬಂತು. ಎಲ್ಲರೂ ಎದ್ದರು. ಬಾಗಿಲಲ್ಲಿ ನಿಂತಿದ್ದ ಜವಾನ ಗುಂಪು ನೋಡಿ ಕೈ ಅಡ್ಡ ಹಿಡಿದ.

"ಇಷ್ಟೂ ಮಂದಿ ಎಲ್ಲಿ ಹೊಂಟ್ರಿ? ಒಬ್ಬೊಬ್ರ ಬರ್ರಿ."

ರೇವವ್ವ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಇಲ್ರಿ," ಎಂದಳು. "ಕೂಡೇ ಬರ್ತೇವಿ."